1800ರ ಪೇಟೆಯಲ್ಲಿ ಪ್ರೇಮಕಥೆ: ಇಬ್ಬರು ಭೇಟಿ ಆಗೋದಾದ್ರೂ ಎಲ್ಲಿ?

ಬಳೇಪೇಟೆ_ಬರಹ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡಿದ್ದೆ, ಇವತ್ತು ಸ್ವಾರ್ಥಕ್ಕೆ ಬಾಯಿ ಬಿಡ್ತಿದೀನಿ.

ಒಂದು ಕಾದಂಬರಿ ಮುಗಿಯೋ ಹಂತಕ್ಕೆ ಬಂದಿದೆ. ಕಾಲ 1800, ಶ್ರೀರಂಗಪಟ್ಟಣ ಬಿದ್ದ ಮರುವರ್ಷ. ಜಾಗ ನಮ್ಮ ಬೆಂಗಳೂರು ಪೇಟೆ. ಹುಡುಗಿ ರೇಷ್ಮೆ ನೇಯೋ ಮನೆಯವಳು, ಹುಡುಗ ಸುಂಕದ ಕಟ್ಟೇಲಿ ಲೆಕ್ಕ ಬರೆಯೋನು. ಯುದ್ಧ ಇದೆ, ಆದ್ರೆ ಮುಗಿದುಹೋದ ಯುದ್ಧ. ರಾಜರಿಲ್ಲ, ದರ್ಬಾರಿಲ್ಲ. ಪೂರ್ತಿ ಪ್ರೇಮಕಥೆ. ಕೊನೆಗೆ ಇಬ್ಬರೂ ಒಂದಾಗ್ತಾರೆ, ಅದನ್ನ ಬದಲಾಯಿಸೋ ಮಾತೇ ಇಲ್ಲ.

ಪ್ರಕಾಶಕರೊಬ್ಬರು ಓದಿ, "ಐತಿಹಾಸಿಕ ಅಂದ್ಮೇಲೆ ರಾಜ ಮನೆತನ ಇರಬೇಕಮ್ಮ, ಪ್ರೇಮಕಥೆ ಆದ್ರೆ ಈಗಿನ ಕಾಲದ್ದಿರಬೇಕು, ಇದು ಯಾವ ಶೆಲ್ಫಿಗೂ ಕೂರಲ್ಲ" ಅಂದ್ರು. ಸರಿ, ನಾನೇ ಹಾಕ್ಸೋಣ ಅಂತ ತೀರ್ಮಾನ ಮಾಡಿದೀನಿ. ಹಾಗಾಗಿ ಎರಡು ಪ್ರಶ್ನೆ.

ಮೊದಲನೇದು ಕಥೆಯದ್ದು. ಇವರಿಬ್ಬರನ್ನ ಎಲ್ಲಿ ಭೇಟಿ ಮಾಡಿಸಲಿ? ಈಗ ಪ್ರತಿ ಸಲ ದೇವಸ್ಥಾನದಲ್ಲೇ ಸಿಗ್ತಾರೆ. ಓದಿದ ನನ್ನ ತಂಗಿ "ಇವರಿಗೆ ಭಕ್ತಿ ಜಾಸ್ತಿನೋ ಪ್ರೀತಿ ಜಾಸ್ತಿನೋ" ಅಂತ ಕೇಳ್ತಾಳೆ. ಎರಡನೇದು, ಸ್ವಂತವಾಗಿ ಹಾಕ್ಸೋರು ಮುದ್ರಣ, ಮಾರಾಟ ಹೇಗೆ ನಿಭಾಯಿಸ್ತೀರಿ?

ಗಾಂಧಿಬಜಾರ್_ಓದುಗ

ಅಂದ್ರೆ ಇಂಗ್ಲಿಷ್ ಪ್ರೇಮಕಾದಂಬರಿ ಮಿಲ್ಸ್ ಅಂಡ್ ಬೂನ್‌ಗೆ ಕಚ್ಚೆ ಸೀರೆ ಉಡ್ಸಿದ್ದೀರಿ. ತಪ್ಪು ತಿಳ್ಕೋಬೇಡಿ ಮೇಡಂ, ಆದ್ರೆ ಆ ಕಾಲದಲ್ಲಿ ಪ್ರೇಮ ಎಲ್ಲಿತ್ತು? ಅಪ್ಪ ಅಮ್ಮ ತೋರಿಸಿದವನಿಗೆ ತಾಳಿ, ಮುಗೀತು. ಸುಖಾಂತ್ಯ ಅಂತೂ ಸುಳ್ಳೇ ಸುಳ್ಳು.

ಕಂಟೋನ್ಮೆಂಟ್_ಕಾವೇರಿ

ಸಾರ್, ಪ್ರೇಮ ಇಲ್ದೇ ಇದ್ದಿದ್ರೆ ಅದನ್ನ ತಡೆಯೋಕೆ ಅಷ್ಟೊಂದು ಕಟ್ಟುಪಾಡು ಯಾಕೆ ಮಾಡ್ತಿದ್ರು?

ಬಳೇಪೇಟೆ, ನಾನು ಇಂಗ್ಲಿಷ್ ಹಿಸ್ಟಾರಿಕಲ್ ರೊಮ್ಯಾನ್ಸ್ ಹುಚ್ಚಿನವಳು, ಆ ಕಡೆಯಿಂದ ಹೇಳ್ತೀನಿ. ರೀಜೆನ್ಸಿ ಅನ್ನೋ ಕಾಲ ಲೆಕ್ಕಕ್ಕೆ 1811ರಿಂದ 1820, ಅಷ್ಟೇ. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಬುದ್ಧಿಸ್ವಾಸ್ಥ್ಯ ಕಳ್ಕೊಂಡು ಮಗ ರಾಜಪ್ರತಿನಿಧಿ ಆಗಿದ್ದ ಅವಧಿ. ಒಂಬತ್ತೇ ವರ್ಷ, ಆದ್ರೆ ಅದರ ಮೇಲೆ ಬಂದಿರೋ ಕಾದಂಬರಿಗೆ ಲೆಕ್ಕ ಇಲ್ಲ. ಯಾಕೆ ಅಂದ್ರೆ ಆ ಸಮಾಜದ ನಿಯಮ ಓದುಗರಿಗೆ ಬಾಯಿಪಾಠ. ಮದುವೆ ಆಗದ ಹುಡುಗಿ ಜೊತೆ ಹಿರಿಯ ಹೆಂಗಸು ಇರಲೇಬೇಕು. ಒಬ್ಬನ ಜೊತೇನೇ ಒಂದೇ ಸಂಜೆ ಎರಡು ಸಲಕ್ಕಿಂತ ಜಾಸ್ತಿ ಕುಣಿದ್ರೆ ಊರಿಗೆಲ್ಲ ಸುದ್ದಿ. ಅಷ್ಟು ಗೊತ್ತಿರೋದ್ರಿಂದ ಅವನು ಬಂದು ಮೂರನೇ ಸಲ ಕೈ ಚಾಚಿದಾಗ ನಮ್ಮ ಎದೆ ಹೊಡ್ಕೊಳ್ಳುತ್ತೆ. ಬೇರೇನೂ ಆಗಿರಲ್ಲ, ಕೈ ಚಾಚಿರ್ತಾನೆ ಅಷ್ಟೇ.

ನಿಮ್ಮ ಕಷ್ಟ ಜಾಗದ್ದಲ್ಲ. ಪೇಟೆಯ ನಿಯಮ ಏನು ಅಂತ ನಮಗೆ, ಅಂದ್ರೆ ಓದೋರಿಗೆ, ಗೊತ್ತಿಲ್ಲ. ಏನು ಮಾಡಿದ್ರೆ ಅವಳ ಮಾನ ಹೋಗುತ್ತೆ, ಏನು ಮಾಡಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಇವೆರಡನ್ನ ಮೊದಲ ಮೂರು ಅಧ್ಯಾಯದೊಳಗೆ ನಮ್ಮ ತಲೆಗೆ ತುಂಬಿ. ಭಾಷಣ ಬೇಡ. ಪಕ್ಕದ ಮನೆ ಹುಡುಗಿಗೆ ಏನೋ ಆಗೋದನ್ನ ತೋರಿಸಿ, ಸಾಕು. ಆಮೇಲೆ ನಿಮ್ಮ ನಾಯಕ ಜಗಲಿ ಮೇಲೆ ಕೂತು ನೀರು ಕೇಳಿದ್ರೂ ಪುಟ ತಿರುಗಿಸ್ತೀವಿ.

ಇನ್ನೊಂದು ಮಜಾ ನೋಡಿ. ಇಂಗ್ಲಿಷಿನವರು ಕನಸು ಕಾಣೋ ಆ ಬಾಲ್‌ರೂಮ್ ಕಾಲಕ್ಕೂ ನಮ್ಮ ದಂಡಿನ ಪ್ರದೇಶ ಹುಟ್ಟಿದ ಕಾಲಕ್ಕೂ ಹೆಚ್ಚು ಅಂತರ ಇಲ್ಲ. ಕಂಟೋನ್ಮೆಂಟ್ ಶುರುವಾಗಿದ್ದು 1809ರಲ್ಲಿ. ಎರಡನೇ ಭಾಗ ಬರೀತೀರಾದ್ರೆ ಅಲ್ಲಿಗೆ ಬನ್ನಿ.

ದಫ್ತರದ_ಮನುಷ್ಯ

ದಾಖಲೆಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಪ್ರೇಮಕಥೆಗಳ ಓದುಗನಲ್ಲ. ಆದರೂ ಪ್ರಶ್ನೆ ಚೆನ್ನಾಗಿದೆ.

ತಾವು ಆರಿಸಿಕೊಂಡ ವರ್ಷ ಅದೃಷ್ಟದ್ದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆದೇಶದ ಮೇಲೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಬೆಂಗಳೂರಿನಲ್ಲಿ ನಿಂತು ನೇಕಾರರು, ಬಣ್ಣ ಹಾಕುವವರು, ಗಾಣದವರು, ವರ್ತಕರು ಎಲ್ಲರನ್ನೂ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಖತ್ರಿಗಳು ಮತ್ತು ಪಟ್ಟೆಗಾರರು ರೇಷ್ಮೆ ನೇಯುತ್ತಿದ್ದುದು, ಜಾತಿಗಳು ಎಡಗೈ ಬಲಗೈ ಎಂದು ಎರಡು ಬಣವಾಗಿ ಆಡುತ್ತಿದ್ದ ಜಗಳ, ಬಲಗೈಗೆ ಹದಿನೆಂಟು ಪಣ ಎಡಗೈಗೆ ಒಂಬತ್ತು ಪಣ, ಅಂದರೆ ಅಷ್ಟು ಜಾತಿ, ಎಂಬ ಲೆಕ್ಕ, ಎಲ್ಲವೂ ಅದರಲ್ಲಿದೆ. ಪರದೇಶಿಯ ಕಣ್ಣು, ಅವನಿಗೆ ಅವನ ಪೂರ್ವಗ್ರಹಗಳಿವೆ, ಹಾಗೆಂದುಕೊಂಡೇ ಓದಿ. ನಾಯಕಿಯ ಮನೆ ಎಡಗೈಯೋ ಬಲಗೈಯೋ, ನಾಯಕನದು ಯಾವುದು ಎಂಬುದನ್ನು ತಾವು ನಿರ್ಧರಿಸಿದರೆ ಕಥೆಯ ಅರ್ಧ ತೊಡಕು ತಾನಾಗಿ ಹುಟ್ಟುತ್ತದೆ. ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬುದಕ್ಕೇ ಆಗ ಹೊಡೆದಾಟವಾಗುತ್ತಿತ್ತು.

ಕಾಲಗಣನೆಯ ಕಡೆ ಗಮನವಿರಲಿ. ಆ ವರ್ಷ ಯುಗಾದಿಯಿಂದ ರೌದ್ರಿ ಸಂವತ್ಸರ. ಶ್ರೀರಂಗಪಟ್ಟಣ ಬಿದ್ದದ್ದು ಹಿಂದಿನ ಸಿದ್ಧಾರ್ಥಿಯಲ್ಲಿ. ಪಾತ್ರಗಳಿಗೆ "1800" ಎಂಬ ಅಂಕಿಯೇ ಗೊತ್ತಿರಲಿಲ್ಲ. ಹೊತ್ತು ಎಂದರೆ ಗಳಿಗೆ, ಜಾವ. ಗಳಿಗೆಗೆ 24 ನಿಮಿಷ. ದುಡ್ಡು ಎಂದರೆ ಕಂಠೀರಾಯಿ ಹಣ, ಹತ್ತು ಹಣಕ್ಕೊಂದು ವರಹ. ಬೆಂಕಿಕಡ್ಡಿ ಗೀರಿಸಬೇಡಿ, ಉಜ್ಜಿ ಹೊತ್ತಿಸುವ ಕಡ್ಡಿ ಇಂಗ್ಲೆಂಡಿನಲ್ಲೇ 1820ರ ದಶಕದ ಸರಕು. ಚಕಮಕಿ ಕಲ್ಲು ಅಥವಾ ಪಕ್ಕದ ಮನೆಯ ಕೆಂಡ. ಪಕ್ಕದ ಮನೆಗೆ ಕೆಂಡ ಕೇಳಲು ಹೋಗುವುದೂ ಒಂದು ಭೇಟಿಯೇ ಅಲ್ಲವೆ?

ಬಳೇಪೇಟೆ_ಬರಹ

ಸಾರ್, ಕೆಂಡದ ವಿಷಯ ಈಗಲೇ ಕದ್ಕೊಂಡೆ. ಇನ್ನೊಂದು ಕೇಳ್ತೀನಿ. ಇಬ್ಬರೂ ಪತ್ರ ಬರ್ಕೊಳ್ಳೋ ಹಾಗೆ ಮಾಡಬಹುದಾ? ಮೈಸೂರು ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದು ಅಂತ ಓದಿದೀನಿ.

ದಫ್ತರದ_ಮನುಷ್ಯ

ಅಂಚೆ ಇತ್ತು, ಆದರೆ ಎರಡು ಬೀದಿ ಆಚೆಯ ಹುಡುಗಿಗೆ ಅಂಚೆಯಲ್ಲಿ ಓಲೆ ಕಳಿಸುವವನು ಪ್ರೇಮಿಯಲ್ಲ, ಪೆದ್ದ.

ಅದಕ್ಕಿಂತ ಒಳ್ಳೆಯ ವಸ್ತು ತಮ್ಮ ನಾಯಕನ ಕಂಕುಳಲ್ಲೇ ಇದೆ. ಲೆಕ್ಕ ಬರೆಯುವವನಲ್ಲವೆ, ಅವನ ಬಳಿ ಕಡತ ಇರುತ್ತದೆ. ಈಗ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುತ್ತಾರೆ, ಮೂಲದ ಕಡತ ಬೇರೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸುತ್ತಾರೆ. ಬಳಪದಲ್ಲಿ ಬರೆದರೆ ಕಪ್ಪಿನ ಮೇಲೆ ಬಿಳಿ ಅಕ್ಷರ. ಬೇಕಿಲ್ಲದ ಸಾಲನ್ನು ಒರೆಸಿ ಮತ್ತೆ ಬರೆಯಬಹುದು, ಹಾಗೇ ಬಿಟ್ಟರೆ ಬಹುಕಾಲ ಉಳಿಯುತ್ತದೆ. ಪುಟ ಕಿತ್ತು ಕೊಡಲು ಬರುವುದಿಲ್ಲ, ಎಲ್ಲ ಮಡಿಕೆಗಳೂ ಒಂದೇ ಬಟ್ಟೆ. ಅಂದರೆ ಅವನು ಅವಳಿಗೆ ಒಂದು ಮಾತು ತೋರಿಸಬೇಕಾದರೆ ಸರ್ಕಾರದ ಲೆಕ್ಕವನ್ನೇ ಅವಳ ಮುಂದೆ ಬಿಚ್ಚಬೇಕು, ಅವಳು ಓದಿದ ಮೇಲೆ ಅಂಗೈಯಲ್ಲಿ ಒರೆಸಬೇಕು. ಒರೆಸದೆ ಮರೆತರೆ ಮರುದಿನ ಮೇಲಧಿಕಾರಿ ಅಮಲ್ದಾರರು ಓದುತ್ತಾರೆ.

ಅವಳಿಗೆ ಓದು ಬರುತ್ತದೆಯೇ ಎಂಬುದು ತಮಗೆ ಬಿಟ್ಟದ್ದು. ಬರುವುದಿಲ್ಲವೆಂದರೆ ನನಗೆ ಹೆಚ್ಚು ಸಂತೋಷ. ನೇಯುವವಳಿಗೆ ಚಿತ್ತಾರ ಗೊತ್ತು, ಚುಕ್ಕಿ ಎಣಿಸಲು ಗೊತ್ತು.

ಕಂಟೋನ್ಮೆಂಟ್_ಕಾವೇರಿ

ಪ್ರೇಮಕಥೆ ಓದಲ್ಲ ಅಂದ್ರಲ್ಲ ಸಾರ್! ಓದಲ್ಲ, ಬರೀತೀರ ಅನ್ಸುತ್ತೆ.

ತರಗುಪೇಟೆ_ರಾಜು

ಗುರುಗಳಿಗೆ ಒಂದು ಸಲಾಂ.

ಅಕ್ಕ, ನಮ್ಮ ತಾತ ಮಗ್ಗದೋರು, ನಂದೂ ಒಂದು ಸೇರಿಸ್ಕೊಳ್ಳಿ. ನೀವು ಮರೆ ಜಾಗ ಹುಡುಕ್ತಿದೀರ, ಅಲ್ಲೇ ಸಿಕ್ಕಾಕ್ಕೊಂಡಿರೋದು. ಪೇಟೆ ಮನೇಲಿ ಮರೆ ಅನ್ನೋದೇ ಇಲ್ಲ. ನಡುಮನೇಲಿ ಗುಂಡಿ ಮಗ್ಗ, ಅದರ ಪಕ್ಕ ಕಂಡಿಕೆಗೆ ನೂಲು ಸುತ್ತೋ ಅಜ್ಜಿ, ಮೂಲೇಲಿ ಮಗು, ಜಗಲೀಲಿ ದಲ್ಲಾಳಿ. ಹಾಗಾಗಿ ಎಲ್ಲರ ಎದುರೇ ಭೇಟಿ ಮಾಡಿಸಿ. ನೇಕಾರರ ಬೀದೀಲಿ ಬೆಳಗಿನ ಜಾವ ಹಾಸು, ಅಂದ್ರೆ ಮಗ್ಗಕ್ಕೆ ಏರಿಸೋ ಉದ್ದದ ನೂಲು, ಹಾಕ್ತಾರೆ. ಮನೆಯೊಳಗೆ ಅಷ್ಟುದ್ದ ಜಾಗ ಎಲ್ಲಿಂದ ಬರಬೇಕು, ಬೀದಿ ಉದ್ದಕ್ಕೂ ಕವೆಗೋಲು ನಿಲ್ಲಿಸಿ ನೂಲು ಎಳೀತಾರೆ. ಗಂಡು ಹೆಣ್ಣು ಮಕ್ಕಳು ಎಲ್ಲ ಹೊರಗಡೆ. ಬಿಸಿಲು ಏರೋ ಮುಂಚೆ ಮುಗೀಬೇಕು. ಕಡಿದ ಎಳೆ ಹುಡುಕಿ ಗಂಟು ಹಾಕೋದು ಹೆಣ್ಣುಮಕ್ಕಳ ಕೆಲಸ. ನಿಮ್ಮ ಹುಡುಗ ದಿನಾ ಸುಂಕದ ಕಟ್ಟೆಗೆ ಹೋಗೋದು ಅದೇ ಬೀದೀಲಿ ತಾನೇ? ನೂಲು ದಾಟೋ ಹಾಗಿಲ್ಲ, ಬಗ್ಗಬೇಕು, ಇಲ್ಲಾ ಸುತ್ತಿ ಹೋಗಬೇಕು. ಸುತ್ತಿ ಹೋಗೋ ದಾರಿ ಬಿಟ್ಟು ದಿನಾ ಬಗ್ತಾನೆ ಅಂತ ಬರೀರಿ. ಬೀದಿಗೇ ಗೊತ್ತಾಗುತ್ತೆ, ಆದ್ರೆ ಯಾರೂ ಏನೂ ಅನ್ನೋ ಹಾಗಿಲ್ಲ. ಬಗ್ಗೋದು ತಪ್ಪಾ?

ಆಮೇಲೆ ಜಾಗಗಳ ಹೆಸರು. ಅವೆನ್ಯೂ ರೋಡ್ ಅಂತ ಬರೀಬೇಡಿ, ದೊಡ್ಡಪೇಟೆ. ಕೆ.ಆರ್. ಮಾರ್ಕೆಟ್ ಇಲ್ಲ, ಅಲ್ಲಿ ಸಿದ್ದಿಕಟ್ಟೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇಲ್ಲ, ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಅಲ್ಲ, ಸಂಪಂಗಿ ಕೆರೆ.

ಜಯನಗರ_ನಾಲ್ಕನೇಬ್ಲಾಕ್

ಚರ್ಚೆ ಸೊಗಸಾಗಿದೆ, ಆದ್ರೆ ಯಾರೂ ಕೇಳದ ಒಂದು ಪ್ರಶ್ನೆ. ಹುಡುಗಿಗೆ ವಯಸ್ಸೆಷ್ಟು?

ಮೈಸೂರು ಸಂಸ್ಥಾನದಲ್ಲಿ ಬಾಲ್ಯವಿವಾಹ ತಡೆಯೋ ಕಾನೂನು ಬಂದಿದ್ದು 1894ರಲ್ಲಿ. ಅದೂ ನಿಷೇಧ ಮಾಡಿದ್ದು ಎಂಟು ವರ್ಷಕ್ಕಿಂತ ಚಿಕ್ಕ ಹೆಣ್ಣುಮಕ್ಕಳ ಮದುವೆಯನ್ನ. ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನ ಮದುವೆ ಆಗೋ ಹಾಗಿಲ್ಲ ಅಂತಲೂ ಅದರಲ್ಲಿತ್ತು. ಕಾನೂನು ಮಾಡಬೇಕಾಯ್ತು ಅಂದ್ರೆ ಅದೆಲ್ಲ ನಡೀತಿತ್ತು ಅಂತಲೇ ಅಲ್ವಾ? ನಿಮ್ಮ ಕಥೆ ಅದಕ್ಕೂ ಸುಮಾರು ನೂರು ವರ್ಷ ಹಿಂದಿನದು. ಹತ್ತೊಂಬತ್ತು ವರ್ಷದ, ಮದುವೆ ಆಗದ, ಹಠಮಾರಿ ಹುಡುಗಿ ಜಗಲೀಲಿ ಕೂತು ಕನಸು ಕಾಣ್ತಿದ್ದಾಳೆ ಅಂದ್ರೆ ನನಗೆ ಕಷ್ಟ. ಹಾಗಂತ ಆ ಕಾಲಕ್ಕೆ ನಿಷ್ಠೆ ಅಂತ ಹನ್ನೆರಡು ವರ್ಷದವಳನ್ನ ನಾಯಕಿ ಮಾಡೋದು ಓದೋಕಾಗಲ್ಲ, ಬರೀಲೂಬಾರದು. ಐತಿಹಾಸಿಕ ಪ್ರೇಮಕಥೆ ಬರೆಯೋರು ಈ ಜಾಗದಲ್ಲಿ ಕಣ್ಣು ಮುಚ್ಕೊಂಡು ದಾಟಿಬಿಡ್ತಾರೆ, ಅದಕ್ಕೇ ನನಗೆ ಈ ಪ್ರಕಾರದ ಮೇಲೆ ಸಿಟ್ಟು.

ಸ್ವಂತ_ಖರ್ಚು

ಸಿಟ್ಟು ನ್ಯಾಯವಾದದ್ದು. ದಾರಿ ಇದೆ.

ನಮ್ಮ ಅನೇಕ ಸಮುದಾಯಗಳಲ್ಲಿ ಕೂಡಿಕೆ, ಉಡಿಕೆ ಅಂತ ಎರಡನೇ ಮದುವೆ ಇತ್ತು. ಗಂಡ ಸತ್ತವಳು, ಬಿಟ್ಟವಳು ಮತ್ತೊಬ್ಬನ ಕೈ ಹಿಡೀಬಹುದಿತ್ತು. ಮೊದಲ ಮದುವೆಯ ಸಂಭ್ರಮ ಇರ್ತಿರಲಿಲ್ಲ, ಮಂಟಪ ಇಲ್ಲ, ಒಂದು ಸೀರೆ ಕೊಟ್ಟು ನಾಲ್ಕು ಜನರ ಎದುರು ಮುಗಿಸ್ತಿದ್ರು. ಹಾಗೆ ಕೂಡಿಕೆ ಆದವಳಿಗೆ ಕೆಲವು ಶುಭಕಾರ್ಯದಲ್ಲಿ ಮುಂದೆ ನಿಲ್ಲೋ ಹಕ್ಕು ಇರ್ತಿರಲಿಲ್ಲ. ಆದ್ರೆ ಮದುವೆ ಮದುವೆಯೇ. ಎಲ್ಲ ಜಾತಿಯಲ್ಲೂ ಇರಲಿಲ್ಲ. ನಿಮ್ಮ ಹುಡುಗಿಯ ಸಮುದಾಯದಲ್ಲಿ ಇತ್ತಾ ಅಂತ ಮೊದಲು ಖಚಿತ ಮಾಡ್ಕೊಳ್ಳಿ, ಇಲ್ಲಾಂದ್ರೆ ಸಮುದಾಯ ಬದಲಾಯಿಸಿ.

ಈಗ ನೋಡಿ. ನಾಯಕಿಗೆ ಇಪ್ಪತ್ತೆರಡು. ಚಿಕ್ಕ ವಯಸ್ಸಲ್ಲೇ ಮದುವೆ ಆಗಿ, ಗಂಡ ಹೋಗಿ, ತವರಿಗೆ ಬಂದು ಮಗ್ಗದ ಮನೆಯ ಅರ್ಧ ದುಡಿಮೆ ಹೊತ್ತವಳು. ದಲ್ಲಾಳಿ ಜೊತೆ ಚೌಕಾಸಿ ಮಾಡ್ತಾಳೆ. ಯಾರನ್ನೂ ಕೇಳದೆ ಬೀದಿಗೆ ಬರಬಲ್ಲಳು. 1791ರ ಮಾರ್ಚ್ 7ಕ್ಕೆ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲಿನ ಕಡೆಯಿಂದ ಪೇಟೆಗೆ ನುಗ್ಗಿತಲ್ಲ, ಆಗ ಅವಳಿಗೆ ಹದಿಮೂರು. ಓಡಿದ್ದು, ತಿರುಗಿ ಬಂದಾಗ ಮನೆ ಹೇಗಿತ್ತು ಅನ್ನೋದು ನೆನಪಿರುತ್ತೆ. ಇಂಥವಳು "ಹೂಂ" ಅನ್ನೋದಕ್ಕೆ ತೂಕ ಇದೆ. ಹದಿನಾರರ ಮುಗ್ಧೆ ಹೂಂ ಅಂದ್ರೆ ಏನು, ಅನ್ನದಿದ್ರೆ ಏನು?

ಗಾಂಧಿಬಜಾರ್ ಸಾರ್, ನಿಮ್ಮ ಸುಖಾಂತ್ಯದ ಮಾತಿಗೂ ಇದೇ ಉತ್ತರ. ನಾವು ಓದಿದ ಐತಿಹಾಸಿಕ ಕಾದಂಬರಿಗಳಲ್ಲಿ ಕೋಟೆ ಬೀಳುತ್ತೆ, ವಂಶ ಮುಗಿಯುತ್ತೆ, ಅದಕ್ಕೇ ಚರಿತ್ರೆ ಅಂದ್ರೆ ಅಳು ಅಂತ ಅಭ್ಯಾಸ ಆಗಿಬಿಟ್ಟಿದೆ. ಪೇಟೆ ಜನ ಕೋಟೆ ಬಿದ್ದ ಮಾರನೇ ವಾರ ಮಗ್ಗ ಸರಿ ಮಾಡ್ಕೊಂಡು ಕೂತ್ರು. ಅವರಲ್ಲಿ ಒಬ್ಬರಿಗಾದ್ರೂ ಒಳ್ಳೇದಾಗಿರಲ್ವಾ? ರಾಜರ ಕಥೆಗೆ ಸುಖಾಂತ್ಯ ಕಷ್ಟ, ಗುಮಾಸ್ತನ ಕಥೆಗೆ ಅಲ್ಲ.

ಜಯನಗರ_ನಾಲ್ಕನೇಬ್ಲಾಕ್

ಇಪ್ಪತ್ತೆರಡರ ಆ ಹೆಂಗಸಿನ ಕಥೆ ಆದ್ರೆ ನಾನು ದುಡ್ಡು ಕೊಟ್ಟು ಓದ್ತೀನಿ.

ಗಾಂಧಿಬಜಾರ್_ಓದುಗ

ಕೂಡಿಕೆ ವಿಷಯ ಒಪ್ಪಿದೆ. ಸುಖಾಂತ್ಯ ಇನ್ನೂ ಒಪ್ಪಿಲ್ಲ. ಒಂದು ವಿನಂತಿ, ದಯವಿಟ್ಟು ಕರಗದ ರಾತ್ರಿ ಭೇಟಿ ಬೇಡ. ಬೆಂಗಳೂರಿನ ಪ್ರೇಮಕಥೆ ಅಂದ ತಕ್ಷಣ ಚೈತ್ರ ಹುಣ್ಣಿಮೆ, ಮಲ್ಲಿಗೆ ಘಮ, ಜನಜಂಗುಳೀಲಿ ಕೈ ತಪ್ಪೋದು. ಸಾಕಾಗಿದೆ.

ತರಗುಪೇಟೆ_ರಾಜು

ಸಾರ್ ಕರಗ ಬಿಟ್ಟು ಪೇಟೆ ಕಥೆನಾ? ಒಂದೇ ಸಲ ಇರಲಿ. ಬೇಕಾದ್ರೆ ಅವತ್ತು ಅವರಿಬ್ಬರು ಭೇಟಿ ಆಗದೇ ಇರಲಿ.

ಡಿಟಿಪಿ_ಮಂಜ

ಪ್ರೀತಿ ಪ್ರೇಮ ನಿಮಗೆ ಬಿಟ್ಟೆ, ನಾನು ಎರಡನೇ ಪ್ರಶ್ನೆಗೆ ಬರ್ತೀನಿ. ಇದು ನನ್ನ ಅನ್ನ.

ಮೇಡಂ, ಯುನಿಕೋಡ್‌ನಲ್ಲೇ ಟೈಪ್ ಮಾಡಿದೀರ ಅಂದ್ಕೋತೀನಿ. ಪುಟ ಕಟ್ಟೋ ಅನೇಕರು ಇನ್ನೂ ಪೇಜ್‌ಮೇಕರ್, ನುಡಿ ಹಳೇ ಫಾಂಟಲ್ಲೇ ಇದಾರೆ. ಪರಿವರ್ತಕಕ್ಕೆ ಹಾಕಿದ ತಕ್ಷಣ ಅರ್ಕಾವತ್ತು ಎಗರುತ್ತೆ, ಒತ್ತಕ್ಷರ ಪಕ್ಕಕ್ಕೆ ಹೋಗುತ್ತೆ, ಅಂಕಿಗಳು ಏನೇನೋ ಆಗುತ್ತೆ. ಹಾಗಾಗಿ ಕೊನೇ ಕರಡು ತಿದ್ದೋದು ಪುಟ ಕಟ್ಟಿದ ಮೇಲೇ, ಕಾಗದದ ಮೇಲೇ. ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕೆಲಸ ಮಾಡೋರು ಸಿಕ್ಕಿದ್ರೆ ಬಿಡಬೇಡಿ. ಇ-ಪುಸ್ತಕಕ್ಕೂ ಅದೇ ಫೈಲ್ ಆಗುತ್ತೆ.

ಪುಸ್ತಕದ ಅಳತೆ ಡೆಮಿ 1/8, ಒಳಪುಟದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ. ಒಂದು ಫಾರಂ ಅಂದ್ರೆ ಒಟ್ಟಿಗೆ ಅಚ್ಚಾಗಿ ಮಡಿಕೆಯಾಗೋ 16 ಪುಟ. ನಿಮ್ಮದು 242 ಪುಟಕ್ಕೆ ನಿಂತ್ರೆ ಎರಡು ಪುಟ ಕಮ್ಮಿ ಮಾಡಿ 240ಕ್ಕೆ ತನ್ನಿ, ಹದಿನೈದು ಫಾರಂ ಸರಿಯಾಗಿ ಕೂರುತ್ತೆ. ಇಲ್ಲಾಂದ್ರೆ ಆ ಎರಡು ಪುಟಕ್ಕೆ ಕಾಗದ, ಮಡಿಕೆ ಎಲ್ಲ ಬೇರೆ ಖರ್ಚು.

ಮುಖಪುಟದ ಬಗ್ಗೆ ಕೈ ಮುಗಿದು ಕೇಳ್ತೀನಿ, ಕಂಪ್ಯೂಟರ್ ಕೈಲಿ ಚಿತ್ರ ಮಾಡಿಸಿ ತರಬೇಡಿ. ಮೊನ್ನೆ ಒಬ್ಬರು ತಂದಿದ್ರು, ವಿಜಯನಗರದ ಕಥೆ, ಹುಡುಗಿ ಲೆಹೆಂಗಾ ಹಾಕ್ಕೊಂಡು ನಿಂತಿದಾಳೆ, ಹಿಂದೆ ಹವಾ ಮಹಲ್.

ಸ್ವಂತ_ಖರ್ಚು

ಮಂಜಣ್ಣ ಹೇಳಿದ ಮೇಲೆ ಉಳಿದಿದ್ದು ಮಾರಾಟ. ನಾನು ನನ್ನ ಪುಸ್ತಕಗಳನ್ನ ನಾನೇ ಹಾಕ್ತೀನಿ, ಹಾಗಾಗಿ ಕಂಡಿದ್ದು ಹೇಳ್ತೀನಿ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತೆ, ಲೇಖಕರು ತಮ್ಮ ಹೆಸರಲ್ಲೇ ಆನ್‌ಲೈನ್ ಅರ್ಜಿ ಹಾಕಬಹುದು. ಅಚ್ಚಾದ ಮೇಲೆ ನೀವೇ ಪ್ರಕಾಶಕರು, ಆದ್ದರಿಂದ 1954ರ ಪುಸ್ತಕ ಸಲ್ಲಿಕೆ ಕಾಯ್ದೆ ನಿಮಗೂ ಅನ್ವಯ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು. ಅಂಚೆ ಖರ್ಚಿಗೆ ಬೇಜಾರು ಮಾಡ್ಕೋಬೇಡಿ, ನೂರು ವರ್ಷ ಆದ್ಮೇಲೆ ಯಾರಾದ್ರೂ ಹುಡುಕಿದ್ರೆ ಅಲ್ಲೇ ಸಿಗೋದು.

ಬೆಲೆ ಇಡುವಾಗ ಅಂಗಡಿಯ ರಿಯಾಯಿತಿ ಮೊದಲು ಕಳೀರಿ. 250 ರೂಪಾಯಿ ಪುಸ್ತಕಕ್ಕೆ ಶೇ 40 ಬಿಟ್ರೆ ಕೈಗೆ ಬರೋದು 150. ಅದರಲ್ಲಿ ಮುದ್ರಣ, ಮುಖಪುಟ, ಕರಡು ತಿದ್ದಿದವರ ಸಂಭಾವನೆ. ನೇರವಾಗಿ ಮಾರಿದ ಪ್ರತಿಯಲ್ಲೇ ನಾಲ್ಕು ಕಾಸು ಉಳಿಯೋದು, ಅದಕ್ಕೇ ಮುಂಗಡ ಬುಕಿಂಗ್ ವಾಟ್ಸಾಪ್‌ನಲ್ಲಿ ಮಾಡ್ಕೊಂಡು, ಎಷ್ಟು ಬಂತು ನೋಡಿ ಅಷ್ಟಕ್ಕೆ ತಕ್ಕ ಹಾಗೆ ಅಚ್ಚು ಹಾಕಿಸಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದ್ರೆ ಅದನ್ನ ನಂಬಿ ಸಾಲ ಮಾಡಿ ಸಾವಿರ ಪ್ರತಿ ಹಾಕಿಸ್ಬೇಡಿ. ಇದು ಮೊದಲ ಪುಸ್ತಕ ಆಗಿದ್ರೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ. ವಯಸ್ಸಿನ ಮಿತಿ ಉಂಟು, ಪ್ರಕಟಣೆ ಬಂದಾಗ ನೋಡ್ಕೊಳ್ಳಿ. ಅಚ್ಚಿಗೆ ಕೊಡೋ ಮುಂಚೆ.

ಪ್ರತಿಲಿಪಿ ಆ್ಯಪ್‌ನಲ್ಲಿ ಕಂತುಕಂತಾಗಿ ಹಾಕೋದು ಹೇಗೆ ಅಂತ ಯಾರಾದ್ರೂ ಕೇಳ್ತೀರ. ಪ್ರೇಮಕಥೆಗೆ ಅಲ್ಲಿ ಓದುಗರು ಧಾರಾಳ. ವಾರಪತ್ರಿಕೆ ಧಾರಾವಾಹಿಗೆ ಕಾಯ್ತಿದ್ದ ನಮ್ಮಮ್ಮನ ತಲೆಮಾರಿನ ಚಟವೇ ಈಗ ಫೋನಿಗೆ ಬಂದಿದೆ. ಆದ್ರೆ ಅಲ್ಲಿ ಪ್ರತಿ ಕಂತಿನ ಕೊನೇಲಿ ಏನಾದ್ರೂ ಸಿಡೀಬೇಕು. ಬೀದೀಲಿ ನೂಲಿನ ಕೆಳಗೆ ಬಗ್ಗೋ ನಾಯಕನಿಗೆ ಅದು ಹೊಂದಲ್ಲ. ನಾನಾಗಿದ್ರೆ ಮೊದಲ ನಾಲ್ಕು ಅಧ್ಯಾಯ ಅಲ್ಲಿ ಹಾಕಿ, ಉಳಿದದ್ದನ್ನ ಪುಸ್ತಕಕ್ಕೇ ಇಟ್ಕೋತಿದ್ದೆ.

ಬಳೇಪೇಟೆ_ಬರಹ

ಎಲ್ಲರಿಗೂ ಶರಣು. ಇಷ್ಟು ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ.

ನಿರ್ಧಾರ ಹೀಗೆ. ನಾಯಕಿ ಇಪ್ಪತ್ತೆರಡರವಳು, ಕೂಡಿಕೆ ಇದ್ದ ಸಮುದಾಯ ಯಾವುದು ಅಂತ ಓದಿ ಖಚಿತ ಮಾಡ್ಕೊಂಡೇ ಮುಂದಿನ ಸಾಲು. ದೇವಸ್ಥಾನದ ದೃಶ್ಯ ಒಂದನ್ನ ಬಿಟ್ಟು ಎಲ್ಲ ತೆಗೀತೀನಿ. ಬೀದಿಯ ಹಾಸು ಮೊದಲ ಅಧ್ಯಾಯಕ್ಕೆ ಬರುತ್ತೆ, ಕಡತ ನಡುವಿಗೆ. ಅವಳಿಗೆ ಓದು ಬರಲ್ಲ, ಅವನು ಕಡತದ ಮೂಲೇಲಿ ಚಿತ್ತಾರ ಬರೀತಾನೆ, ಅವಳು ಅದನ್ನ ಸೆರಗಿನ ಅಂಚಲ್ಲಿ ನೇಯ್ತಾಳೆ. ಬಳಪದ್ದು ಒರೆಸಬಹುದು, ನೇಯ್ದಿದ್ದು ಒರೆಸೋಕಾಗಲ್ಲ, ಅಲ್ಲಿಂದ ಗಲಾಟೆ ಶುರು. ರಾಜು, ಕರಗ ಇದೆ, ಅವತ್ತು ಅವರು ಭೇಟಿ ಆಗಲ್ಲ.

ತಿದ್ದಿದ ಕರಡು ಓದೋಕೆ ಇಬ್ಬರು ಮೂವರು ಬೇಕು. ಹೊಗಳೋರು ಬೇಡ.

ಗಾಂಧಿಬಜಾರ್_ಓದುಗ

ಹಾಗಾದ್ರೆ ನನಗೆ ಕಳಿಸಿ. ಕೊನೇ ಅಧ್ಯಾಯ ಮೊದಲು ಓದ್ತೀನಿ, ಈಗಲೇ ಹೇಳಿರ್ತೀನಿ.

ದಫ್ತರದ_ಮನುಷ್ಯ

ನನಗೂ ಒಂದು ಪ್ರತಿ. ಕಾಗದದಲ್ಲಿ ಕಳಿಸಿ, ಪರದೆಯ ಮೇಲೆ ಓದಲು ಕಣ್ಣು ಒಪ್ಪುವುದಿಲ್ಲ. ತಿಥಿ, ವಾರ, ನಕ್ಷತ್ರ ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಡಿ, ಪಂಚಾಂಗದ ಲೆಕ್ಕ ನಾನು ಹಾಕಿ ಕೊಡುತ್ತೇನೆ.

ಡಿಟಿಪಿ_ಮಂಜ

ಇಬ್ಬರೂ ಓದಿ ಮುಗಿಸೋವರೆಗೂ ಪುಟ ಕಟ್ಟಿಸ್ಬೇಡಿ ಮೇಡಂ. ಪುಟ ಕಟ್ಟಿದ ಮೇಲೆ "ಒಂದೇ ಒಂದು ಪ್ಯಾರಾ ಸೇರಿಸಿ" ಅನ್ನೋ ಲೇಖಕರಿಗೆ ನಾನು ಬೇರೆ ರೇಟ್ ಇಟ್ಟಿದೀನಿ.